ಒಟಿಟಿ ಫ್ರೀ ಅಂತ ಬಂದ ಫೈಬರ್ ಪ್ಯಾಕ್: ನೆಟ್ ಮಾತ್ರ ತಗೊಳ್ಳಿ

ಐದರಲ್ಲಿ ಇಂಟರ್‌ನೆಟ್‌ಗೆ ನಾಲ್ಕು ಸ್ಟಾರ್, ಟಿವಿ ಬಾಕ್ಸ್‌ಗೆ ಎರಡು, ಒಟಿಟಿ ಪ್ಯಾಕ್‌ಗೆ ಒಂದು. ಸೊನ್ನೆ ಕೊಡಲು ಬರುವುದಿಲ್ಲ, ಅದಕ್ಕೆ ಒಂದು. ಕಂಪನಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ಜಾಸ್ತಿ ಪ್ರಯೋಜನ ಇಲ್ಲ, ಯಾಕೆಂದರೆ ಈಗ ಎಲ್ಲರೂ ಮಾರುವುದು ಇದೇ ಥರದ ಪ್ಯಾಕ್. ಹಾಸನದ ನಮ್ಮ ಬೀದಿಯ ಕಂಬಗಳ ಮೇಲೆ ಬೇರೆ ಬೇರೆಯವರ ಬೋರ್ಡ್ ನೇತಾಡುತ್ತಿವೆ, ಎಲ್ಲದರಲ್ಲೂ ಒಂದೇ ಮಾತು: ಫೈಬರ್ ಹಾಕಿಸಿ, ಇಪ್ಪತ್ತಕ್ಕೂ ಜಾಸ್ತಿ ಒಟಿಟಿ ಫ್ರೀ. ತಿಂಗಳಿಗೆ ಏಳುನೂರರ ಆಸುಪಾಸು, ಅದರ ಮೇಲೆ 18% ಜಿಎಸ್‌ಟಿ. ಬೋರ್ಡಿನಲ್ಲಿ ಜಿಎಸ್‌ಟಿ ಇರುವುದಿಲ್ಲ, ಬಿಲ್ಲಿನಲ್ಲಿ ಇರುತ್ತದೆ.

ನೆಟ್ ಬಗ್ಗೆ ದೂರಿಲ್ಲ. ಲೈನ್ ಎಳೆಯಲು ಬಂದ ಹುಡುಗ ಗೋಡೆ ಹಾಳು ಮಾಡದೆ ಕಿಟಕಿಯ ಪಕ್ಕದಿಂದಲೇ ವೈರ್ ತಂದ. ರೂಟರ್ ಎಲ್ಲಿಟ್ಟರೆ ಅಡುಗೆಮನೆವರೆಗೂ ಸಿಗ್ನಲ್ ಬರುತ್ತದೆ ಅಂತ ಫೋನ್ ಹಿಡಿದುಕೊಂಡು ಮನೆಯೆಲ್ಲಾ ಓಡಾಡಿ ನೋಡಿದ. ಹೇಳಿದ ಸ್ಪೀಡ್ ಬರುತ್ತದೆ, ರಾತ್ರಿ ಎಲ್ಲರೂ ನೋಡುವ ಹೊತ್ತಿನಲ್ಲೂ ಬರುತ್ತದೆ. ಮಳೆಗಾಲದಲ್ಲಿ ಎಲ್ಲೋ ಕೊಂಬೆ ಬಿದ್ದು ಫೈಬರ್ ತುಂಡಾದರೆ ಅರ್ಧ ದಿನ ಹೋಗುತ್ತದೆ, ಅದು ಮಲೆನಾಡಿನ ಅಂಚಿನಲ್ಲಿರುವ ನಮಗೆ ಹೊಸದಲ್ಲ. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಅದೊಂದು ಹಾಕಿಸಿಕೊಳ್ಳಿ. ಕರೆಂಟ್ ಹೋದ ಕೂಡಲೇ ನೆಟ್ ಹೋಗುವುದು ತಪ್ಪುತ್ತದೆ. ನೆಟ್ ಮಾತು ಇಲ್ಲಿಗೆ ಸಾಕು.

ಇನ್ನು ಆ ಇಪ್ಪತ್ತು ಚಿಲ್ಲರೆ ಒಟಿಟಿ. ಪಟ್ಟಿ ತೆಗೆದು ನೋಡಿದರೆ ಮುಕ್ಕಾಲು ಪಾಲು ನಾವು ಹೆಸರೇ ಕೇಳದ ಆಪ್‌ಗಳು. ಗುಜರಾತಿಯದು ಒಂದು, ಭೋಜ್‌ಪುರಿಯದು ಒಂದು, ಬಂಗಾಳಿಯದು ಒಂದು, ಎರಡು ಭಕ್ತಿಯವು, ಒಂದು ಮಕ್ಕಳ ಕಾರ್ಟೂನಿನದು. ಆಯಾ ಭಾಷೆಯವರಿಗೆ ಸಂತೋಷವೇ, ನಮ್ಮ ಮನೆಯಲ್ಲಿ ಅವನ್ನು ತೆರೆಯುವವರು ಯಾರು? ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರು ಒಂದೆರಡು ಇವೆ, ಅವನ್ನೇ ಬೋರ್ಡಿನಲ್ಲಿ ದೊಡ್ಡದಾಗಿ ಹಾಕಿರುತ್ತಾರೆ. ಆದರೆ ಪ್ಯಾಕಿನಲ್ಲಿ ಬರುವುದು ಅವುಗಳ ಅತಿ ಕಡಿಮೆ ದರ್ಜೆಯ ಪ್ಲಾನ್. ಅವುಗಳಲ್ಲಿ ಒಂದರದು ಮೊಬೈಲ್‌ನಲ್ಲಿ ಮಾತ್ರ ಓಡುತ್ತದೆ. ಟಿವಿ ಬಾಕ್ಸ್ ಜೊತೆ ಮಾರಿದ ಪ್ಯಾಕಿನಲ್ಲಿ ಟಿವಿಯಲ್ಲಿ ಬಾರದ ಪ್ಲಾನ್! ಇನ್ನೊಂದರಲ್ಲಿ ಜಾಹೀರಾತು, ಅದೂ ಮಾತಿನ ನಡುವೆಯೇ ಬಂದು ನಿಲ್ಲುತ್ತದೆ.

ಈ ದರ್ಜೆ ಮಾಡುವ ಆಟ ಕಂಪನಿಗಳ ಕಡೆಯಿಂದಲೇ ಶುರುವಾದದ್ದು, ಪ್ಯಾಕ್ ಮಾರುವವನ ತಲೆಯಿಂದ ಬಂದದ್ದಲ್ಲ. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಪ್ಲಾನ್ ಮೊಬೈಲ್, ಟ್ಯಾಬ್‌ಗೆ ಮಾತ್ರ. ಒಂದು ಮನೆಯವರ ಪಾಸ್‌ವರ್ಡ್ ಇನ್ನೊಂದು ಮನೆಯವರು ಬಳಸಬಾರದು ಅನ್ನುವ ನಿಯಮವನ್ನು ಅವರು 2023ರ ಜುಲೈನಲ್ಲಿ ಇಲ್ಲೂ ತಂದರು. ಪ್ರೈಮ್ ವಿಡಿಯೋದಲ್ಲಿ 2025ರ ಜೂನ್‌ನಿಂದ ಜಾಹೀರಾತು ಶುರುವಾಯಿತು, ಬೇಡ ಅಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ. ಮೊದಲೇ ದುಡ್ಡು ಕೊಟ್ಟವರಿಗೆ ಇದು. ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ 2025ರ ಫೆಬ್ರವರಿಯಲ್ಲಿ ಸೇರಿ ಒಂದಾದವು. ಎರಡು ಅಂಗಡಿ ಒಂದಾದರೆ ಗಿರಾಕಿಗೆ ಒಂದು ಅಂಗಡಿ ಕಮ್ಮಿ, ಅಷ್ಟೇ ಅಲ್ವಾ.

ಲಾಗಿನ್ ಕಥೆ ಕೇಳಿ. ಪ್ಯಾಕಿನ ಆಪ್‌ಗಳನ್ನು ನೇರವಾಗಿ ತೆರೆಯುವ ಹಾಗಿಲ್ಲ, ಇವರದೇ ಒಂದು ದೊಡ್ಡ ಆಪ್ ಒಳಗಿಂದ ಹೋಗಬೇಕು. ಅದು ಯಾವಾಗ ಬೇಕೋ ಆವಾಗ ತಾನಾಗೇ ಲಾಗೌಟ್ ಆಗುತ್ತದೆ. ಮತ್ತೆ ಒಳಗೆ ಹೋಗಲು ಒಟಿಪಿ ಬೇಕು. ಕನೆಕ್ಷನ್ ಇರುವುದು ಅಣ್ಣನ ಹೆಸರಿನಲ್ಲಿ, ಅಣ್ಣ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ಹಾಸನದಲ್ಲಿ ಅಮ್ಮ ಟಿವಿ ಹಾಕಿದರೆ ಬೆಂಗಳೂರಿನ ಆಫೀಸಿನಲ್ಲಿ ಕೂತ ಅಣ್ಣನ ಫೋನಿಗೆ ಒಟಿಪಿ ಹೋಗುತ್ತದೆ. ಅವನು ಮೀಟಿಂಗಿನಲ್ಲಿ ಇರುತ್ತಾನೆ, ನೋಡಿ ಹೇಳುವಷ್ಟರಲ್ಲಿ ನಂಬರ್ ಸತ್ತಿರುತ್ತದೆ. "ಬೇಡ ಬಿಡೇ, ಚಂದನಾನೇ ಹಾಕು" ಅಂತ ಅಮ್ಮ ಎದ್ದು ಹೋಗುತ್ತಾರೆ. ಕನೆಕ್ಷನ್ ನಂಬರ್ ಅಮ್ಮನ ಫೋನಿಗೆ ಬದಲಾಯಿಸಿ ಅಂತ ಕೇಳಿದರೆ ಅಣ್ಣನೇ ಹಾಸನಕ್ಕೆ ಬಂದು ಆಧಾರ್ ತೋರಿಸಬೇಕಂತೆ. ಕಸ್ಟಮರ್ ಕೇರ್‌ನಲ್ಲಿ ಕನ್ನಡಕ್ಕೆ ಎರಡು ಒತ್ತಿ ಅನ್ನುತ್ತದೆ, ಒತ್ತಿದರೆ ಆ ಕಡೆಯಿಂದ ಹಿಂದಿಯಲ್ಲಿ ನಮಸ್ಕಾರ.

ಹೇಗೋ ಒಳಗೆ ಹೋದೆವು ಅನ್ನಿ. ಚಿತ್ರ ಮಸುಕು. ನೆಟ್ ಜೋರಾಗಿದೆ, ಟಿವಿ ಎಚ್‌ಡಿ, ಆದರೂ ಹಳೇ ಸಿಡಿ ನೋಡಿದ ಹಾಗೆ ಇದೆ. ಲೈನ್ ಎಳೆದ ಹುಡುಗನನ್ನು ಮತ್ತೆ ಕರೆಸಿದೆ. "ಅಕ್ಕ, ನೆಟ್ ಸರಿಗಿದೆ, ಬಾಕ್ಸೇ ಅಷ್ಟು" ಅಂದ. ಅವನು ಹೇಳಿದ್ದು ನಿಜ. ಒಟಿಟಿಗಳ ವಿಡಿಯೋ ಬೀಗ ಹಾಕಿಕೊಂಡು ಬರುತ್ತದೆ, ಆಂಡ್ರಾಯ್ಡ್ ಸಾಧನಗಳಲ್ಲಿ ಆ ಬೀಗದ ಹೆಸರು ವೈಡ್‌ವೈನ್. ಅದರಲ್ಲಿ ಎಲ್1 ಅನ್ನುವ ಮಟ್ಟ ಇರುವ ಸಾಧನಕ್ಕೆ ಮಾತ್ರ ದೊಡ್ಡ ಒಟಿಟಿಗಳು ಎಚ್‌ಡಿ ಬಿಡುತ್ತವೆ. ಎಲ್3 ಇದ್ದರೆ 480 ಗೆರೆಯ ಮಸುಕು ಚಿತ್ರದ ಆಸುಪಾಸಿನಲ್ಲೇ ನಿಲ್ಲಿಸುತ್ತವೆ. ಅಗ್ಗದ ಬಾಕ್ಸ್ ಹಂಚಿದರೆ ಇದೇ ಗತಿ. ನಿಮ್ಮ ಟಿವಿ ಎಷ್ಟು ದೊಡ್ಡದು, ನೆಟ್ ಎಷ್ಟು ಜೋರು, ಎಷ್ಟು ದುಡ್ಡು ಕೊಟ್ಟಿದ್ದೀರಿ, ಯಾವುದೂ ಲೆಕ್ಕಕ್ಕಿಲ್ಲ.

ಸರಿ, ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿ ಒಳಗಿನ ರೂಮಿನ ಹಳೇ ಟಿವಿಯಲ್ಲಿ ನೋಡೋಣ ಅಂದರೆ ಮಾತು ಕೇಳುತ್ತದೆ, ಪರದೆ ಕಪ್ಪು. ಅದೂ ಬೀಗವೇ, ಎಚ್‌ಡಿಸಿಪಿ ಅಂತ. ಟಿವಿ ಆ ಬೀಗಕ್ಕೆ ಒಪ್ಪಿಗೆ ಕೊಡದಿದ್ದರೆ ಚಿತ್ರ ಬಿಡುವುದಿಲ್ಲ. ನಕಲು ಮಾಡುವವರನ್ನು ತಡೆಯಲು ಇದೆಲ್ಲ ಅನ್ನುತ್ತಾರೆ. ನಕಲು ಮಾಡುವವನು ಯಾವತ್ತೋ ಮಾಡಿ ಟೆಲಿಗ್ರಾಮ್‌ನಲ್ಲಿ ಹಾಕಿರುತ್ತಾನೆ, ಪೂರ್ತಿ ಎಚ್‌ಡಿಯಲ್ಲಿ. ಕಪ್ಪು ಪರದೆ ನೋಡುವವರು ಬಿಲ್ ಕಟ್ಟಿದವರು ಮಾತ್ರ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಆ ಬೀಗ ಮುರಿದರೆ ಕಾಪಿರೈಟ್ ಕಾಯ್ದೆಯ 65ಎ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, 2012ರ ತಿದ್ದುಪಡಿಯಲ್ಲಿ ಸೇರಿಸಿದ್ದು. ದುಡ್ಡು ಕೊಟ್ಟವನಿಗೆ ಚಿತ್ರ ಕಾಣದಿದ್ದರೆ ಏನು ಶಿಕ್ಷೆ ಅಂತ ಎಲ್ಲೂ ಬರೆದಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು, ಅಮ್ಮನಿಗೆ ಬೇಕಾದ ಕನ್ನಡ ಸಿನಿಮಾ ಸಿಕ್ಕಿದ್ದರೆ. ಒಂದು ಸ್ಟಾರ್ ಕೊಡಲು ನಿಜವಾದ ಕಾರಣ ಇದು.

ಅಮ್ಮ ಕೇಳಿದ್ದು ಹಳೇ ಕಪ್ಪು ಬಿಳುಪು ಸಿನಿಮಾಗಳು, ಆಮೇಲೆ ಎಪ್ಪತ್ತರ ದಶಕದ ಒಂದಿಷ್ಟು. ರಿಮೋಟಿನಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಹುಡುಕಬೇಕು. ಕನ್ನಡ ಲಿಪಿಯಲ್ಲಿ ಹುಡುಕುವ ಏರ್ಪಾಡೇ ಇಲ್ಲ, ದೀರ್ಘಕ್ಕೆ ಒಂದು ಎ ಹಾಕಬೇಕೋ ಎರಡು ಎ ಹಾಕಬೇಕೋ ದೇವರಿಗೇ ಗೊತ್ತು. ಒಂದು ಅಕ್ಷರ ತಪ್ಪಿದರೆ ತೆಲುಗು ಸಿನಿಮಾ ಬರುತ್ತದೆ, ಸರಿಯಾಗಿ ಹೊಡೆದರೂ ತೆಲುಗು ಸಿನಿಮಾ ಬರುತ್ತದೆ. ಭಾಷೆ ಕನ್ನಡ ಅಂತ ಆರಿಸಿದರೆ ಉದ್ದ ಪಟ್ಟಿ ಬರುತ್ತದೆ, ಖುಷಿಯಾಗುತ್ತದೆ, ಕೆಳಗೆ ಹೋಗುತ್ತಾ ಹೋದರೆ ಬಹುಪಾಲು ಬೇರೆ ಭಾಷೆಯಿಂದ ಡಬ್ ಆದದ್ದು. ಡಬ್ಬಿಂಗ್ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಚಿತ್ರರಂಗದವರು ದಶಕಗಟ್ಟಲೆ ಅದನ್ನು ತಡೆದು ಕೂತಿದ್ದರು, 2015ರಲ್ಲಿ ಸ್ಪರ್ಧಾ ಆಯೋಗ ಹಾಗೆ ತಡೆದದ್ದು ತಪ್ಪು ಅಂತ ದಂಡ ಹಾಕಿತು, ಒಳ್ಳೆಯದೇ ಆಯಿತು. ಬೇಕಾದವರು ನೋಡಲಿ. ಆದರೆ ಡಬ್ ಆದದ್ದನ್ನೂ ಸೇರಿಸಿ ಇಷ್ಟು ನೂರು ಕನ್ನಡ ಸಿನಿಮಾ ಇದೆ ಅಂತ ಲೆಕ್ಕ ತೋರಿಸುವುದು ಬೇರೆ ಮಾತು.

ಇರುವ ಹಳೇ ಸಿನಿಮಾಗಳೂ ನಿಲ್ಲುವುದಿಲ್ಲ. ಅಮ್ಮ ಅರ್ಧ ನೋಡಿ ನಿದ್ದೆ ಬಂತು ಅಂತ ಮಲಗಿದ ಸಿನಿಮಾ ಕೆಲವು ದಿನ ಬಿಟ್ಟು ಹುಡುಕಿದರೆ ಮಾಯ. ಒಪ್ಪಂದದ ಅವಧಿ ಮುಗಿದಿರುತ್ತದೆ. ಮುಗಿಯುತ್ತದೆ ಅಂತ ಮೊದಲೇ ಒಂದು ಸಾಲು ಹಾಕಿದ್ದರೆ ಅವತ್ತೇ ಎದ್ದು ಕೂತು ನೋಡಿ ಮುಗಿಸುತ್ತಿದ್ದರು. ಮೋಸರ್ ಬೇರ್‌ನವರು 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರುತ್ತಿದ್ದ ಕಾಲ ನೆನಪಿದೆಯಾ? ನಮ್ಮ ಶೋಕೇಸಿನಲ್ಲಿ ಆ ಕಾಲದ ಡಿಸ್ಕ್‌ಗಳು ಈಗಲೂ ಇವೆ, ಪ್ಲೇಯರ್ ಕೆಟ್ಟಿದೆ ಅಷ್ಟೇ. ರಿಪೇರಿ ಮಾಡಿಸಿದರೆ ಓಡುತ್ತವೆ, ಒಟಿಪಿ ಕೇಳುವುದಿಲ್ಲ.

ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಪ್ಯಾಕ್ ಮಾರಿದವನು ಹೊಣೆಯಲ್ಲ, ಅದನ್ನೂ ಹೇಳಬೇಕು. ಹಳೇ ಕನ್ನಡ ಸಿನಿಮಾದ ಹಕ್ಕು ಯಾರದು ಅನ್ನುವುದೇ ದೊಡ್ಡ ಗೋಜಲು. ಆಗ ಸಿನಿಮಾ ತೆಗೆಯಲು ಸಾಲ ಕೊಟ್ಟವರ ಹತ್ತಿರ ನೆಗೆಟಿವ್ (ಸಿನಿಮಾದ ಮೂಲ ಫಿಲ್ಮ್) ಅಡ ಇಡುತ್ತಿದ್ದರು. ಸಿನಿಮಾ ಓಡದಿದ್ದರೆ ನೆಗೆಟಿವ್ ರೈಟ್ಸ್ ಅವರದೇ. ಟಿವಿ ಚಾನೆಲ್‌ಗಳು ಬಂದಮೇಲೆ ಸ್ಯಾಟಲೈಟ್ ರೈಟ್ಸ್ ಬೇರೆಯವರಿಗೆ, ವಿಸಿಡಿ ಹಕ್ಕು ಇನ್ನೊಬ್ಬರಿಗೆ, ಹಾಡು ಕ್ಯಾಸೆಟ್ ಕಂಪನಿಗೆ. ಡಿಜಿಟಲ್ ಅನ್ನುವ ಮಾತೇ ಆ ಕಾಗದಗಳಲ್ಲಿ ಇಲ್ಲ. 2012ರ ತಿದ್ದುಪಡಿ ಹೇಳುವುದು ಏನೆಂದರೆ, ಒಪ್ಪಂದ ಮಾಡಿಕೊಂಡಾಗ ಇಲ್ಲದಿದ್ದ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ, ಹೆಸರಿಸಿ ಬರೆದಿದ್ದರೆ ಮಾತ್ರ ಅನ್ವಯಿಸುತ್ತದೆ. ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಬರೆಯದೇ ಇದ್ದರೆ ಐದು ವರ್ಷ ಅಂತ ತಿಳಿಯಬೇಕು ಅನ್ನುವುದೂ ಕಾಯ್ದೆಯಲ್ಲೇ ಇದೆ. ನಿರ್ಮಾಪಕರು ತೀರಿಹೋಗಿರುತ್ತಾರೆ, ಮಕ್ಕಳು ಮೊಮ್ಮಕ್ಕಳು ಬೇರೆ ಬೇರೆ ಊರಿನಲ್ಲಿ, ಯಾರ ಹತ್ತಿರ ಯಾವ ಕಾಗದ ಇದೆಯೋ. ಹೊಸ ಒಟಿಟಿಯ ವಕೀಲರು ಇದನ್ನೆಲ್ಲಾ ಒಮ್ಮೆ ನೋಡಿ ಸುಮ್ನೆ ತಲೆನೋವು ಯಾಕೆ ಅಂತ ಬಿಟ್ಟುಬಿಡುತ್ತಾರೆ.

ಹಕ್ಕು ಮುಗಿದರೆ ಸಿಗುತ್ತದಾ? ಭಾರತದಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ರಾಜ್‌ಕುಮಾರ್ ನಾಯಕನಾಗಿ ಬಂದ ಮೊದಲ ಸಿನಿಮಾ ಬೇಡರ ಕಣ್ಣಪ್ಪ ತೆರೆಕಂಡದ್ದು 1954ರಲ್ಲಿ, ಅಂದರೆ ಅದರ ಹಕ್ಕು 2014ರ ಕೊನೆಗೆ ಮುಗಿಯಿತು. 1965ರ ಸಿನಿಮಾಗಳದು 2025ರ ಕೊನೆಗೆ. ಅಮ್ಮ ಕೇಳುವ ಕಪ್ಪು ಬಿಳುಪು ಸಿನಿಮಾಗಳಲ್ಲಿ ಎಷ್ಟೋ ಈ ಲೆಕ್ಕದಲ್ಲಿ ಎಲ್ಲರ ಸೊತ್ತು. ಆದರೆ ಹಕ್ಕು ಮುಗಿದರೆ ಸಾಲದು, ಒಳ್ಳೆಯ ಪ್ರಿಂಟ್ ಬೇಕಲ್ಲ. ಅದು ಯಾರದೋ ಗೋಡೌನಿನಲ್ಲಿ ಕೊಳೆಯುತ್ತಿರುತ್ತದೆ, ಕಾಯ್ದೆ ಅದನ್ನು ಹೊರಗೆ ತಂದುಕೊಡುವುದಿಲ್ಲ. ಮೊದಲ ಕನ್ನಡ ಟಾಕಿ ಸತಿ ಸುಲೋಚನ, 1934ರದು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಅದರ ಕಾಪಿರೈಟ್ ತೆಗೆದುಕೊಂಡು ಏನು ಮಾಡುವುದು?

ಕೊನೆಗೆ ಅಮ್ಮನ ಸಿನಿಮಾ ಸಿಕ್ಕಿದ್ದು ಯೂಟ್ಯೂಬ್‌ನಲ್ಲಿ, ಪುಕ್ಕಟೆ. ಪ್ಯಾಕಿನ ಇಪ್ಪತ್ತೂ ಆಪ್‌ಗಳಲ್ಲಿ ಇಲ್ಲದ್ದು ಅಲ್ಲಿ ಎರಡು ಮೂರು ಚಾನೆಲ್‌ಗಳಲ್ಲಿ ಇದೆ. ಯಾರಿಗೆ ಹಕ್ಕಿದೆ, ಯಾರು ಹಾಗೇ ಹಾಕಿದ್ದಾರೆ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ. ಗುಣಮಟ್ಟ ಕೇಳಬೇಡಿ. ಮೂಲದಲ್ಲಿ ಚೌಕದ ಹತ್ತಿರ ಇದ್ದ ಚಿತ್ರವನ್ನು ಈಗಿನ ಅಗಲ ಟಿವಿಗೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿರುತ್ತಾರೆ, ಹಾಗಾಗಿ ಪಂಡರಿಬಾಯಿಯವರ ಮುಖ ಕಂಡರೆ ಹೂವು ಕಾಣುವುದಿಲ್ಲ, ಹೂವು ಕಂಡರೆ ಗಲ್ಲ ಕಾಣುವುದಿಲ್ಲ. ಮೂಲೆಯಲ್ಲಿ ದೊಡ್ಡ ಲೋಗೋ ಬೇರೆ. ಕ್ಲೈಮ್ಯಾಕ್ಸ್ ಹೊತ್ತಿಗೆ ಸರಿಯಾಗಿ ಜಾಹೀರಾತು. ಆದರೂ ಹಾಕಿದ ಕೂಡಲೇ ಓಡುತ್ತದೆ, ಕನ್ನಡದಲ್ಲಿ ಬಾಯಲ್ಲಿ ಹೇಳಿದರೂ ಹುಡುಕಿಕೊಡುತ್ತದೆ. ಅಮೆರಿಕದಲ್ಲಿರುವ ಚಿಕ್ಕಮ್ಮನಿಗೆ ಅದೇ ಲಿಂಕ್ ಕಳಿಸಿದರೆ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಅಂತ ಬಂತು. ಹೊರದೇಶದ ಹಕ್ಕು ಮತ್ತೆ ಬೇರೆಯವರ ಕೈಲಿ ಇರುತ್ತದೆ, ಯಾರೋ ತಗೊಂಡು ಎಲ್ಲೂ ಹಾಕದೆ ಸುಮ್ನೆ ಇಟ್ಟುಕೊಂಡಿರುತ್ತಾರೆ.

ಹೊಸ ಕನ್ನಡ ಸಿನಿಮಾದ ಪಾಡು ಇನ್ನೊಂದು ಥರ. ಅಲ್ಲಿ ಹಕ್ಕಿನ ಗೊಂದಲ ಇಲ್ಲ, ತೆಗೆದುಕೊಳ್ಳುವವರೇ ಇಲ್ಲ. ದೊಡ್ಡ ಸ್ಟಾರ್ ಸಿನಿಮಾ ಬಿಟ್ಟರೆ ಉಳಿದವಕ್ಕೆ ಒಟಿಟಿಯವರು ಮುಂಚಿತ ದುಡ್ಡು ಕೊಡುವುದು ಅಪರೂಪ, ಎಷ್ಟು ಗಂಟೆ ಜನ ನೋಡಿದರೋ ಅಷ್ಟಕ್ಕೆ ಲೆಕ್ಕ ಹಾಕಿ ಕೊಡುತ್ತೇವೆ ಅನ್ನುತ್ತಾರೆ ಅನ್ನುವುದು ನಮ್ಮ ನಿರ್ಮಾಪಕರ ಹಳೇ ದೂರು. ರಕ್ಷಿತ್ ಶೆಟ್ಟಿಯವರಂಥ ಹೆಸರು ಇದ್ದವರೇ ಏಕಂ ಅನ್ನುವ ಕನ್ನಡ ವೆಬ್ ಸರಣಿಗೆ ಒಟಿಟಿ ಸಿಗದೆ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ಕೇರಳ ಸರ್ಕಾರ ಅದೇ ವರ್ಷ ಮಾರ್ಚ್‌ನಲ್ಲಿ ಸಿ ಸ್ಪೇಸ್ ಅಂತ ತನ್ನದೇ ಒಟಿಟಿ ತೆರೆಯಿತು, ತಿಂಗಳ ಚಂದಾ ಇಲ್ಲ, ಬೇಕಾದ ಸಿನಿಮಾಕ್ಕೆ 75 ರೂಪಾಯಿ ಕೊಟ್ಟು ನೋಡುವುದು. ನಮ್ಮಲ್ಲೂ 2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗೆ ಸರ್ಕಾರಿ ಒಟಿಟಿ ಅಂತ ಘೋಷಣೆ ಆಯಿತು. ಅಲ್ಲಿಯಾದರೂ ಕಸ್ಟಮರ್ ಕೇರ್ ಕನ್ನಡದಲ್ಲಿ ಇರಲಿ.

ಪಕ್ಕದ ಮನೆಯ ಹುಡುಗನದು ಒಂದೇ ಮಾತು: "ಆಂಟಿ, ಟೆಲಿಗ್ರಾಮ್‌ನಲ್ಲಿ ಎಲ್ಲಾ ಇದೆ, ಹಾಕ್ಕೊಡ್ಲಾ?" ನಾನು ಬೇಡ ಅನ್ನುತ್ತೇನೆ. ಸಣ್ಣ ಕನ್ನಡ ಸಿನಿಮಾಗಳ ಹೊಟ್ಟೆ ಮೇಲೆ ಹೊಡೆಯುವುದು ಅದೇ, ಥಿಯೇಟರಿನಲ್ಲಿ ಫೋನ್ ಹಿಡಿದು ತೆಗೆದ ಫೈಲು ಬೆಳಗಾಗುವುದರೊಳಗೆ ಊರೆಲ್ಲಾ ಸುತ್ತಿರುತ್ತದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಪ್ರಕಾರ ಹಾಗೆ ತೆಗೆದವರಿಗೆ, ಹರಡಿದವರಿಗೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ದಂಡ ಕನಿಷ್ಠ ಮೂರು ಲಕ್ಷ, ಜಾಸ್ತಿ ಅಂದರೆ ನಿರ್ಮಾಣ ವೆಚ್ಚದ 5%ವರೆಗೆ. ಕಾನೂನು ಗಟ್ಟಿ ಇದೆ. ಆದರೆ ಆ ಹುಡುಗನ ಫೈಲು ಯಾವ ಟಿವಿಯಲ್ಲೂ ಓಡುತ್ತದೆ, ಪೆನ್‌ಡ್ರೈವ್‌ನಲ್ಲಿ ಇರುತ್ತದೆ, ಅರ್ಧ ನೋಡಿ ಬಿಟ್ಟರೆ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ. ದುಡ್ಡು ಕೊಟ್ಟು ನಾನು ಕೇಳುತ್ತಿರುವುದೂ ಅಷ್ಟನ್ನೇ.

ಹಾಗಾದರೆ ನಾವೇನು ಮಾಡಿದೆವು. ಒಳಗಿನ ರೂಮಿನ ಹಳೇ ಟಿವಿಗೆ ಡಿಡಿ ಫ್ರೀ ಡಿಶ್ ಹಾಕಿಸಿದೆವು. ಒಂದು ಸಲ ಡಿಶ್ಶಿಗೂ ಬಾಕ್ಸಿಗೂ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಿಲ್ ಇಲ್ಲ. ಖಾಸಗಿ ಕನ್ನಡ ಮನರಂಜನಾ ಚಾನೆಲ್‌ಗಳ ಧಾರಾವಾಹಿ ಬೇಕು ಅನ್ನುವವರಿಗೆ ಅದು ಸಾಲುವುದಿಲ್ಲ, ಅಮ್ಮನಿಗೆ ಚಂದನ ಸಾಕು. ಫೋನಿನಲ್ಲಿ ಪ್ರಸಾರ ಭಾರತಿಯ ವೇವ್ಸ್ ಆಪ್ ಇದೆ, 2024ರ ನವೆಂಬರ್‌ನಲ್ಲಿ ಬಂದದ್ದು. ದೂರದರ್ಶನದ ಚಾನೆಲ್‌ಗಳು ಲೈವ್ ಬರುತ್ತವೆ, ಹಳೇ ಕಾರ್ಯಕ್ರಮಗಳೂ ಇವೆ, ಹಿಂದಿಯದೇ ಜಾಸ್ತಿ. ದೊಡ್ಡ ಒಟಿಟಿ ಬೇಕಾದರೆ ನೋಡುವಂಥದ್ದು ಬಂದ ತಿಂಗಳು ಮಾತ್ರ ನನ್ನ ನಂಬರಿಗೆ ನೇರವಾಗಿ ತಗೊಳ್ಳುತ್ತೇನೆ, ಆಟೋಪೇ ಅವತ್ತೇ ತೆಗೆದುಹಾಕುತ್ತೇನೆ.

ನೀವು ಹಾಕಿಸುವುದಾದರೆ ಮೊದಲು ಬರೀ ನೆಟ್‌ಗೆ ಎಷ್ಟು ಅಂತ ಕೇಳಿ. ಆ ಪ್ಲಾನ್ ಬೋರ್ಡಿನಲ್ಲಿ ಇರುವುದಿಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ನಮಗೆ ಹೇಳಿದ ರೇಟು ಪ್ಯಾಕಿಗಿಂತ ಇನ್ನೂರರ ಹತ್ತಿರ ಕಮ್ಮಿ ಇತ್ತು. ಪ್ಯಾಕೇ ಬೇಕು ಅಂದರೆ ದುಡ್ಡು ಕೊಡುವ ಮುಂಚೆ ನಿಮ್ಮ ಟಿವಿಯಲ್ಲೇ, ಅವರ ಬಾಕ್ಸಿನಲ್ಲೇ ಒಂದು ಕನ್ನಡ ಸಿನಿಮಾ ಹಾಕಿ ತೋರಿಸಲು ಹೇಳಿ. ಮೊಬೈಲ್‌ನಲ್ಲಿ ತೋರಿಸಿದರೆ ಒಪ್ಪಬೇಡಿ. ಕನೆಕ್ಷನ್ ಟಿವಿ ಮುಂದೆ ಕೂರುವವರ ಹೆಸರಿನಲ್ಲೇ ಇರಲಿ. ನಾವು ಮುಂದಿನ ರೀಚಾರ್ಜ್‌ನಿಂದ ಬರೀ ನೆಟ್‌ಗೆ ಬದಲಾಗುತ್ತಿದ್ದೇವೆ, ಬಾಕ್ಸ್ ವಾಪಸ್. ಕೊಡುವಾಗ ರಿಮೋಟ್, ಅಡಾಪ್ಟರ್ ಎರಡನ್ನೂ ಎಣಿಸಿ ಕೊಟ್ಟು ರಸೀದಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಡೆಪಾಸಿಟ್‌ನಲ್ಲಿ ಹಿಡಿದುಕೊಳ್ಳುತ್ತಾರೆ.